ಶಾಲೆಯ ಹನ್ನೆರಡು ಮಷಿನ್‌ಗೆ ಲಿನಕ್ಸ್: ಇಮೇಜ್ ಕಟ್ಟಿಸೋದಾ, ಇಳಿಸಿಕೊಳ್ಳೋದಾ?

ಮಲೆನಾಡ ಮೇಷ್ಟ್ರು:
ನಮಸ್ಕಾರ. ನಮ್ಮ ಹೈಸ್ಕೂಲ್ ಲ್ಯಾಬಿನಲ್ಲಿ ಹನ್ನೆರಡು ಹಳೇ ಡೆಸ್ಕ್‌ಟಾಪ್ ಇವೆ. ಎಲ್ಲ ಇಂಟೆಲ್ ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಇವುಗಳ ಮೇಲೆ ಕೂರಲ್ಲ. ಲಿನಕ್ಸ್ ಹಾಕೋಣ ಅಂತ. ಇಂಟರ್ನೆಟ್ ಅಂದ್ರೆ ನನ್ನ ಮೊಬೈಲ್ ಹಾಟ್‌ಸ್ಪಾಟು, ಅದೂ ಕಿಟಕಿ ಮೇಲೆ ಇಟ್ರೆ. ಹಳೇ ವಿದ್ಯಾರ್ಥಿಯೊಬ್ಬ ಕನ್ನಡ ಫಾಂಟು, ಕಗಪ ಕೀಲಿಮಣೆ, ಲಿಬ್ರೆಆಫೀಸ್ ಎಲ್ಲ ಸೇರಿಸಿ ಐಎಸ್‌ಒ (ಇಡೀ ಒಎಸ್ ಇನ್‌ಸ್ಟಾಲ್ ಮಾಡೋ ಒಂದೇ ಫೈಲು, ಇಮೇಜ್ ಅನ್ನೋದೂ ಇದನ್ನೇ) ಕಟ್ಟಿಕೊಡ್ತೀನಿ ಸಾರ್ ಅಂತಿದಾನೆ. ಅದನ್ನೇ ಹಾಕ್ಲಾ, ಅಧಿಕೃತ ಇಮೇಜ್ ಇಳಿಸ್ಕೊಳ್ಳಾ?

ಕಪ್ಪು ಟರ್ಮಿನಲ್:
ಕಟ್ಟಲಿ ಬಿಡಿ ಸಾರ್, ಒಳ್ಳೇ ಕೆಲಸ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಇಮೇಜ್ ಕಟ್ಟೋಕೆ ಲೈವ್-ಬಿಲ್ಡ್ ಅಂತ ಇದೆ. ಬೇಕಾದ ಪ್ಯಾಕೇಜುಗಳ ಹೆಸರನ್ನ ಒಂದು ಪಟ್ಟಿ ಫೈಲಲ್ಲಿ ಬರೆದು ‘ಎಲ್‌ಬಿ ಬಿಲ್ಡ್’ ಕೊಟ್ಟು ಕಾಫಿ ಕುಡಿದು ಬಂದ್ರೆ ಐಎಸ್‌ಒ ರೆಡಿ. ಗುಬ್ಬಿ, ನವಿಲು ಫಾಂಟು ಡೆಬಿಯನ್‌ನಲ್ಲೇ ಇವೆ. ಟೈಪಿಂಗ್‌ಗೆ ಐಬಸ್-ಎಂ17ಎನ್ ಹಾಕಿದ್ರೆ ಕಗಪ ಬರುತ್ತೆ. ನಿಮಗೆ ಹನ್ನೆರಡು ಸಲ ಡೌನ್‌ಲೋಡ್ ಮಾಡೋ ಕರ್ಮ ಇರಲ್ಲ.

ಪೇಡಾ ಪ್ರಿಯ:
ಕಟ್ಟೂದು ಸುಲಭ ಐತ್ರಿ, ಒಪ್ಪತೀನಿ. ಆದ್ರ ಆ ಐಎಸ್‌ಒ ಒಳಗ ಏನೈತಿ ಅಂತ ಮೇಷ್ಟ್ರಿಗೆ ಹೆಂಗ ಗೊತ್ತಾಗಬೇಕು? ಹುಡುಗ ಒಳ್ಳೆಯಾಂವ ಇರಬಹುದು, ಆದ್ರ ಅವನ ಲ್ಯಾಪ್‌ಟಾಪ್ ಹೆಂಗೈತೋ. 2016ರ ಫೆಬ್ರುವರಿ 20ಕ್ಕ ಲಿನಕ್ಸ್ ಮಿಂಟ್ ಅನ್ನೋ ಇನ್ನೊಂದು ಲಿನಕ್ಸ್‌ನ ಸೈಟಿಗೇ ಕನ್ನ ಹಾಕಿದ್ರು. ಅದರ 17.3 ಸಿನಮನ್ ಆವೃತ್ತಿ ಇಳಿಸೋ ಲಿಂಕ್ ಬದಲಿಸಿ, ಹಿಂಬಾಗಿಲು (ಹೊರಗಿನಾವ್ರು ಕದ್ದು ಒಳಗ ಬರೂ ದಾರಿ) ಇಟ್ಟ ಐಎಸ್‌ಒ ಕಡೆ ತಿರುವಿದ್ರು. ಅಧಿಕೃತ ಸೈಟಿನ ಕಥೀನ ಹಂಗಾದ್ರ ಪೆನ್‌ಡ್ರೈವ್‌ನಾಗ ಕೈಯಿಂದ ಕೈಗೆ ಬಂದ ಫೈಲಿನ ಕಥಿ ಏನ್ರಿ?

ಕಪ್ಪು ಟರ್ಮಿನಲ್:
ಅಣ್ಣಾ, ನೀವೇ ನನ್ನ ವಾದ ಮಾಡ್ತಿದೀರ. ಅಧಿಕೃತ ಸೈಟೇ ಕೈಕೊಡ್ತು ಅಂದ್ಮೇಲೆ ಅಧಿಕೃತ ಅನ್ನೋ ಪದಕ್ಕೇನು ಬೆಲೆ? 2024ರ ಮಾರ್ಚಲ್ಲಿ ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಟೂಲಿನ ಗಲಾಟೆ ಆಯ್ತಲ್ಲ, ಅದರ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು. ಅದನ್ನ ಸೇರಿಸಿದವನು ಆ ಪ್ರಾಜೆಕ್ಟನ್ನ ನೋಡ್ಕೊಳ್ಳೋ ಮೇಂಟೇನರ್ರೇ.

ಪೇಡಾ ಪ್ರಿಯ:
ಅದು ಡೆಬಿಯನ್‌ನ ಪಕ್ಕಾ ಆವೃತ್ತಿ ಸ್ಟೇಬಲ್‌ನಾಗ ಬಂದಿರಲೇ ಇಲ್ಲ. ಇನ್ನೂ ಪಕ್ಕಾ ಆಗದ ಟೆಸ್ಟಿಂಗ್, ಅನ್‌ಸ್ಟೇಬಲ್‌ನಾಗ ಬಂದಿತ್ತು. ಹೊಸಾ ವರ್ಷನ್ ಬೇಕು ಅಂತ ಟೆಸ್ಟಿಂಗ್‌ನಿಂದ ಇಮೇಜ್ ಕಟ್ಟೋ ನಿಮ್ಮಂಥಾವ್ರ ಐಎಸ್‌ಒ ಒಳಗ ಅವತ್ತು ಅದು ಇರ್ತಿತ್ತು. ಇನ್ನ ಮಜಾ ಅಂದ್ರ, ಎಲ್ಲಾರೂ ನೋಡೂ ಗಿಟ್ ಭಂಡಾರದಾಗ ಕಾಣೂ ಸೋರ್ಸ್ ಕೋಡೇ ಬ್ಯಾರೆ, ಬಿಡುಗಡಿಗೆ ಗಂಟು ಕಟ್ಟಿದ ರಿಲೀಸ್ ಟಾರ್‌ಬಾಲ್‌ನಾಗ ಇದ್ದದ್ದ ಬ್ಯಾರೆ. ಹಿಂಬಾಗಿಲು ಎಬ್ಬಿಸೋ ಸಾಲು ಟಾರ್‌ಬಾಲ್‌ನಾಗ ಅಷ್ಟ ಇತ್ತು. ‘ಸೋರ್ಸ್‌ನಿಂದ ನಾನ ಬಿಲ್ಡ್ ಮಾಡೀನಿ’ ಅಂತ ಎದಿ ತಟ್ಟಗೊಂಡಾವ್ರಿಗೂ ಅದು ಕಂಡಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರು ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಹೊಕ್ಕೂ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡಾ ಆಗತೈತಿ ಅಂತ ತಲಿ ಕೆಡಿಸಿಕೊಂಡಿದ್ದಕ್ಕ ಸಿಕ್ತು.

ಕಾಸರಗೋಡು ಟೀಚರ್:
ನಿಮ್ಮ ಜಗಳದಲ್ಲಿ ಮೇಷ್ಟ್ರನ್ನು ಮರೆತಿರಾ ಮಾರಾಯ್ರೆ? ನಮ್ಮಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೂ ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟು ಅನ್ನುವ ಲಿನಕ್ಸಿನ ಮೇಲೆ ಕಟ್ಟಿದ ಒಎಸ್ ಕೊಡ್ತದೆ. ಪಾಠಕ್ಕೆ ಬೇಕಾದ್ದೆಲ್ಲ ಅದರಲ್ಲೇ ಉಂಟು. ಹಾಗಾಗಿ ಕಟ್ಟಿದ ಇಮೇಜೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದರ ಹಿಂದೆ ಒಂದು ಸಂಸ್ಥೆ ಉಂಟು, ತೊಂದರೆ ಬಂದರೆ ಕೇಳಲಿಕ್ಕೆ ಜನ ಉಂಟು. ನಿಮ್ಮ ಹುಡುಗ ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ?

ಮಲೆನಾಡ ಮೇಷ್ಟ್ರು:
ಹೋಗಿ ಆಯ್ತು ಮೇಡಂ. ಅಲ್ಲಿಂದಲೇ ಕಟ್ಟಿ ಕಳಿಸೋದು ಅವನು.
ಇನ್ನೊಂದು. ಉಬುಂಟು 24.04 ಮೊಬೈಲಲ್ಲೇ ಇಳಿಸಿ ಓಟಿಜಿ ಕೇಬಲ್ ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡಕ್ಕೆ ಹೋದ್ರೆ ಫೈಲು ದೊಡ್ಡದು ಅಂತು. 32 ಜಿಬಿ ಪೆನ್‌ಡ್ರೈವು, ಖಾಲೀನೇ ಇದೆ!

ರೂಟ್ ಅಲ್ಲದವ:
ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿ ಇರ್ಬೇಕು ಸಾರ್, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸಲ್ಲ. ಉಬುಂಟು ಐಎಸ್‌ಒ 5 ಜಿಬಿ ದಾಟುತ್ತೆ. 2 ಜಿಬಿ ರ‍್ಯಾಮಿಗೆ ಅದು ಭಾರ ಕೂಡ. ಡೆಬಿಯನ್ 13, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಹಾಕಿ. ‘ಎಎಂಡಿ64’ ಅಂತಿರೋದನ್ನೇ ಇಳಿಸಿ, ನಮ್ಮದು ಇಂಟೆಲ್ ಅಲ್ವಾ ಅಂತ ಗಾಬರಿ ಬೇಡ, ಎರಡಕ್ಕೂ ಅದೇ. ಕೋರ್ 2 ಡ್ಯುಯೋ 64 ಬಿಟ್ ಆಗಿದ್ದು ಪುಣ್ಯ. 32 ಬಿಟ್ ಮಷಿನ್‌ಗೆ 13ರಲ್ಲಿ ಇನ್‌ಸ್ಟಾಲರೇ ಇಲ್ಲ.
ಸಿರ್ಸಿನೋ ಸಾಗರನೋ, ಫೈಬರ್ ಇರೋ ಕಡೆ ಕೂತು ಡಿವಿಡಿ-1 ಇಮೇಜನ್ನ ಟಾರೆಂಟಲ್ಲಿ ಇಳಿಸಿ. 4 ಜಿಬಿ ಒಳಗಿದೆ. ಟಾರೆಂಟು ತುಂಡು ತುಂಡಾಗಿ ಪರೀಕ್ಷೆ ಮಾಡ್ಕೊಂಡೇ ಇಳಿಸುತ್ತೆ, ಕರೆಂಟ್ ಹೋದ್ರೂ ಬಿಟ್ಟಲ್ಲಿಂದ ಶುರು. ಆಮೇಲೆ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚು ಇದ್ದಂಗೆ) ಸೈಟಿನಲ್ಲಿ ಕೊಟ್ಟಿದ್ದಕ್ಕೆ ತಾಳೆ ನೋಡಿ.

ಪೇಡಾ ಪ್ರಿಯ:
ಮೊತ್ತ ಒಂದ ಸಾಲಂಗಿಲ್ರಿ. ಮಿಂಟ್ ಪ್ರಕರಣದಾಗ ಪುಟಾನ ಕನ್ನ ಹಾಕಿದಾವ್ರ ಕೈಯಾಗ ಇತ್ತು. ಲಿಂಕ್ ಬದಲಿಸಿದಾವಂಗ ಅದರ ಬಾಜೂಕಿನ ಮೊತ್ತ ಬದಲಿಸೂದು ಎಷ್ಟೊತ್ತಿನ ಕೆಲಸ? ಆ ಮೊತ್ತದ ಫೈಲಿಗೆ ಡೆಬಿಯನ್‌ನವ್ರ ಜಿಪಿಜಿ ಡಿಜಿಟಲ್ ಸಹಿ ಇರತೈತಿ, ಅದನ್ನ ನೋಡಬೇಕು. ಸಹಿ ಪರೀಕ್ಷಿಸೋ ಕೀಲಿ ಕೈ ಅದ ಸೈಟಿನಿಂದ ತಗೋಬ್ಯಾಡ್ರಿ, ನಿಮ್ಮ ಹುಡುಗನ ಡೆಬಿಯನ್ ಮಷಿನ್‌ನ ಕೀರಿಂಗ್ ಪ್ಯಾಕೇಜಿನಿಂದ ತಗೋರಿ. ನೋಡ್ರಿ, ಅವನೂ ಉಪಯೋಗಕ್ಕ ಬಂದ.

ಕಪ್ಪು ಟರ್ಮಿನಲ್:
ಸರಿ, ಸಹಿ ವಿಷಯ ಒಪ್ಪಿದೆ. ಆದ್ರೂ ಹನ್ನೆರಡು ಸಲ ಕೈಯಲ್ಲಿ ಇನ್‌ಸ್ಟಾಲ್ ಮಾಡೋದಾ? ಒಂದರಲ್ಲಿ ಮಾಡಿ ಡಿಸ್ಕ್ ನಕಲು ಮಾಡೋ ಕ್ಲೋನೆಝಿಲ್ಲಾದಲ್ಲಿ ಉಳಿದಿದ್ದಕ್ಕೆ ಇಳಿಸಿ.

ರೂಟ್ ಅಲ್ಲದವ:
ಮಾಡಬಹುದು, ಆದ್ರೆ ಇಮೇಜ್ ತೆಗೆಯೋ ಮುಂಚೆ ಮಷಿನ್‌ನ ಗುರುತು ಇರೋ ಮಷಿನ್-ಐಡಿ ಫೈಲ್ ಖಾಲಿ ಮಾಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನ ಅಳಿಸಿ. ನಾನು ಮರೆತು ಉಬುಂಟು ಸರ್ವರ್ ಕ್ಲೋನ್ ಮಾಡಿದ್ದೆ. ಎರಡು ಮಷಿನ್‌ಗೂ ಒಂದೇ ಐಪಿ, ಒಂದನ್ನ ಆನ್ ಮಾಡಿದ್ರೆ ಇನ್ನೊಂದು ಕೈಬಿಡೋದು. ಎರಡು ದಿನ ಸ್ವಿಚ್ಚನ್ನ ಬೈದೆ, ಪಾಪ.
ಐಎಸ್‌ಒನ ಪೆನ್‌ಡ್ರೈವಿಗೆ ಬರೆಯೋ ಡಿಡಿ ಕಮಾಂಡ್ ಹೊಡೆಯೋವಾಗ ಡಿಸ್ಕ್ ಹೆಸರನ್ನ ಎರಡು ಸಲ ಓದಿ ಸಾರ್. ಎಸ್‌ಡಿಬಿ (ಪೆನ್‌ಡ್ರೈವ್) ಬದಲು ಎಸ್‌ಡಿಎ (ಹಾರ್ಡ್‌ಡಿಸ್ಕ್) ಹೊಡೆದು ಅಕ್ಕನ ಮದುವೆ ಫೋಟೋ ಕಳೆದವನು ಹೇಳ್ತಿದೀನಿ.

ಕಾಸರಗೋಡು ಟೀಚರ್:
ಕ್ಲೋನ್ ಬೇಡದಿದ್ದರೆ ಒಂದು ಮಷಿನಿಗೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಹಂಚುವ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿ. ಉಳಿದ ಹನ್ನೊಂದರಲ್ಲಿ ಇನ್‌ಸ್ಟಾಲರ್ ಪ್ರಾಕ್ಸಿ ಕೇಳುವಾಗ ಅದರ ವಿಳಾಸ, 3142 ಪೋರ್ಟ್ ಕೊಟ್ಟರೆ ಆಯ್ತು. ಒಂದು ಪ್ಯಾಕೇಜು ನಿಮ್ಮ ಹಾಟ್‌ಸ್ಪಾಟಿನಿಂದ ಒಂದೇ ಸಲ ಬರ್ತದೆ. ಮುಂದೆ ಅಪ್‌ಡೇಟಿಗೂ ಅದೇ.

ಪೇಡಾ ಪ್ರಿಯ:
ಭೇಷ್! ಹುಡುಗನಿಂದ ಐಎಸ್‌ಒ ತರಿಸಬ್ಯಾಡ್ರಿ ಮೇಷ್ಟ್ರ. ಪ್ಯಾಕೇಜಿನ ಪಟ್ಟಿ ತರಿಸ್ರಿ. ಪಟ್ಟಿ ಯಾರಾದ್ರೂ ಓದಬಹುದು, ಮೂರು ಜಿಬಿ ಫೈಲ್ ಯಾರು ಓದತಾರ?

ಕಪ್ಪು ಟರ್ಮಿನಲ್:
ಲೈವ್-ಬಿಲ್ಡ್‌ಗೆ ಕೊಡೋದೂ ಅದೇ ಪಟ್ಟೀನೇ, ನಾನು ಮೊದಲೇ ಹೇಳಿದ್ದು. ಇರ್ಲಿ.

ಮಲೆನಾಡ ಮೇಷ್ಟ್ರು:
ಹುಡುಗನಿಗೆ ಫೋನ್ ಮಾಡಿದ್ದೆ. ಮೂರು ರಾತ್ರಿ ಕೂತು ಅರ್ಧ ಕಟ್ಟಿದ್ನಂತೆ, ಸ್ವಲ್ಪ ಬೇಜಾರಾದ. ಆದ್ರೂ ಪಟ್ಟಿ ಕಳಿಸಿದ. ಫಾಂಟು, ಐಬಸ್, ಲಿಬ್ರೆಆಫೀಸ್, ಕೆಮಿಸ್ಟ್ರಿಗೆ ಕಾಲ್ಜಿಯಂ ಎಲ್ಲ ಅರ್ಥ ಆಯ್ತು. ಕೊನೇ ಸಾಲಿನಲ್ಲಿ ‘ಸೂಪರ್‌ಟಕ್ಸ್‌ಕಾರ್ಟ್’ ಅಂತಿದೆ, ಇದು ಯಾವ ವಿಷಯಕ್ಕೆ ಬರೋದು?

ರೂಟ್ ಅಲ್ಲದವ:
ಅದು ಕಾರ್ ರೇಸ್ ಗೇಮು ಸಾರ್ 😀

ಕಪ್ಪು ಟರ್ಮಿನಲ್:
ತೆಗೀಬೇಡಿ ಸಾರ್, ಮಕ್ಕಳು ಲ್ಯಾಬಿಗೆ ಬರೋದೇ ಅದಕ್ಕೆ. ಈ ಮಷಿನ್‌ಗಳಲ್ಲಿ ಅದು ತೆವಳುತ್ತೆ ಅನ್ನೋದೊಂದೇ ಕಷ್ಟ. ಬದಲು ‘ಸೂಪರ್‌ಟಕ್ಸ್’ ಹಾಕಿ, ಪೆಂಗ್ವಿನ್ ಜಿಗಿಯೋದು, ಹಗುರ ಇದೆ.