ಮದ್ದಳೆ, ಗಿಟಾರ್, ಉತ್ಸವದ ಚೆಂಡೆ ಒಟ್ಟಿಗೆ ಕೂತರೆ ಎಂತಾದರೂ ಪ್ರಯೋಜನ ಉಂಟಾ?

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಯಕ್ಷಗಾನದ ಮದ್ದಳೆ ಕಲಿಯುತ್ತಿದ್ದೇನೆ. ಪಕ್ಕದ ಮನೆಯ ಮಲಯಾಳಿ ಗೆಳೆಯ ದೇವಸ್ಥಾನದ ಉತ್ಸವಗಳಿಗೆ ಚೆಂಡೆ ಬಾರಿಸಲು ಹೋಗುತ್ತಾನೆ. ಇನ್ನೊಬ್ಬ ಗಾನಮೇಳದಲ್ಲಿ ಗಿಟಾರ್. ಊರಿನ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಮೂವರೂ ಸೇರಿ ಒಂದು ಹದಿನೈದು ನಿಮಿಷ ಏನಾದರೂ ಮಾಡುವ ಅಂತ ಹೊರಟೆವು, ಪದ ಹಾಡುವ ಒಬ್ಬರು ಭಾಗವತರನ್ನೂ ಹೇಗೋ ಒಪ್ಪಿಸಿದೆವು.

ಮೊದಲ ದಿನವೇ ಎಡವಟ್ಟು. ಗಿಟಾರಿನವ ಮೊಬೈಲಿನಲ್ಲಿ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿ ಕೂತ. ಭಾಗವತರು ಮೋಹನ ರಾಗದಲ್ಲಿ ಪದ ಎತ್ತಿದರು, ಎರಡನೇ ಸಾಲಿಗೇ ಲಯ ಏರಿಸಿದರು, ಮೆಟ್ರೊನೋಮ್ ಟಿಕ್ ಟಿಕ್ ಅಂತ ಹಿಂದೆ ಉಳಿಯಿತು. ಗಿಟಾರಿನವ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬದಲಿಸಿದಾಗೆಲ್ಲ ಭಾಗವತರ ಮುಖ ಸಪ್ಪೆ. ನಮ್ಮ ಗುರುಗಳಿಗೆ ಸುದ್ದಿ ಮುಟ್ಟಿ "ಪಾಯಸಕ್ಕೆ ಸಾಂಬಾರು ಹೊಯ್ದಿರಾ" ಅಂತ ಕೇಳಿದರು.

ಇದರಿಂದ ನಮಗೆ ನಿಜವಾಗಿ ಹೊಸತು ಸಿಗುತ್ತದಾ? ಅಥವಾ ಸುಮ್ನೆ ವಿಡಿಯೋಗೆ ಲೈಕ್ ಬರಲಿಕ್ಕೆ ಮಾಡುವ ಕೆಲಸವಾ?

ಮೈಕಾಸುರ:
ನಾನು ಮೈಕ್ ಸೆಟ್ಟಿನವ. ಈ ಫ್ಯೂಷನ್ ಎಂಬುದನ್ನು ಎಷ್ಟು ಕೇಳಿದ್ದೇನೋ ಲೆಕ್ಕ ಇಲ್ಲ. ಚೆಂಡೆಯವ ಎರಡು ನಿಮಿಷ, ಡ್ರಮ್ಸಿನವ ಎರಡು ನಿಮಿಷ, ಕೀಬೋರ್ಡಿನವ ಎರಡು ನಿಮಿಷ, ಕೊನೆಗೆ ಎಲ್ಲರೂ ಒಟ್ಟಿಗೆ ಜೋರಾಗಿ ಬಡಿಯುವುದು, ಜನ ಚಪ್ಪಾಳೆ ತಟ್ಟುವುದು. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರೆಲ್ಲ ನೆಂಟರಾಗುತ್ತಾರಾ ಮಾರಾಯ್ರೆ? ಗುರುಗಳು ಹೇಳಿದ್ದು ಸರಿ.

ಮುಳ್ಳೇರಿಯದ ಅಕ್ಕ:
ಮೈಕಾಸುರರೇ, ಅರ್ಧ ಒಪ್ಪುತ್ತೇನೆ. ಆದರೆ ನಾನು ನುಡಿಸುವ ಪಿಟೀಲೇ ಯುರೋಪಿನಿಂದ ಬಂದದ್ದಲ್ವಾ? 200 ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಅವರ ಕಾಲದಲ್ಲಿ ಯಾರು ಎಂತ ಬೈದಿದ್ದರೋ! ಅಲ್ಲಿ ನಿಂತು ನುಡಿಸುವುದನ್ನು ಇಲ್ಲಿ ನೆಲದಲ್ಲಿ ಕೂತು, ತುದಿಯನ್ನು ಕಾಲಿನ ಗಂಟಿಗೆ ಆನಿಸಿ ನುಡಿಸುತ್ತೇವೆ. ತಂತಿಗಳ ಶ್ರುತಿಯನ್ನೂ ಬದಲಿಸಿ ಸ-ಪ-ಸ-ಪ ಮಾಡಿಕೊಂಡೆವು.

ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು. ಕೀಲಿ ಒತ್ತಿದರೆ ಬಿಡಿಬಿಡಿ ಸ್ವರ ಬರುವ ಸ್ಯಾಕ್ಸೊಫೋನಿನಲ್ಲಿ ಗಮಕ (ಸ್ವರದ ಜಾರು, ಓಲಾಟ) ತರಲು ಅವರು ವರ್ಷಗಟ್ಟಲೆ ಒದ್ದಾಡಿದರು. ಆಮೇಲೆ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಇವರ ಜೊತೆ ಸೇರಿ 2008ರಲ್ಲಿ ಆಲ್ಬಂ ಮಾಡಿದರು. ಇಬ್ಬರದೂ ಒಂದೇ ವಾದ್ಯ, ನುಡಿಸುವ ರೀತಿಯಲ್ಲಿ ಅಜಗಜಾಂತರ.

ಭಾರತೀಯ ಸಂಗೀತ, ಜಾಝ್ ಬೆರೆಸಿದ ಶಕ್ತಿ ಬ್ಯಾಂಡಿನದೂ ಇದೇ ಕತೆ. ಅದರ ಗಿಟಾರಿನವರು ಜಾನ್ ಮೆಕ್‌ಲಾಫ್ಲಿನ್ ಮೊದಲು ವೀಣೆ ಕಲಿತರು. ಆಮೇಲೆ ತಂತಿ ಎಳೆದು ಗಮಕ ತೆಗೆಯಲು ಆಗುವ ಹಾಗೆ ಗಿಟಾರಿನ ಮನೆಗಳ (ಫ್ರೆಟ್) ನಡುವೆ ಮರ ಕೆತ್ತಿಸಿ, ಮೇಲೆ ಏಳು ಶ್ರುತಿ ತಂತಿ ಹಾಕಿಸಿ ಬೇರೆಯೇ ಗಿಟಾರ್ ಮಾಡಿಸಿಕೊಂಡರು. ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್, ಪಿಟೀಲಿನ ಎಲ್. ಶಂಕರ್ ಎದುರು ಮಾಮೂಲಿ ಗಿಟಾರ್ ಹಿಡಿದು ಕೂತಿದ್ದರೆ ಎಷ್ಟು ದಿನ ನಡೆಯುತ್ತಿತ್ತು? 1970ರ ದಶಕದ ಆ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂತು.

ನಿಮ್ಮ ಗಿಟಾರಿನವ ತನ್ನದು ಎಂತ ಬಿಟ್ಟ? ನೀವು ಎಂತ ಬಿಟ್ಟಿರಿ?

ಹಿಮ್ಮೇಳದ ಅಜ್ಜ:
ತಮ್ಮಾ, ಮೊದಲು ಆ ಟಿಕ್ ಟಿಕ್ ಬಂದ್ ಮಾಡು. ಭಾಗವತರೇ ಒಂದನೇ ವೇಷ ಅಂತ ಸುಮ್ನೆ ಹೇಳುವುದಲ್ಲ. ಲಯ ಅವರ ಕೈಯಲ್ಲಿ, ರಂಗದಲ್ಲಿ ವೇಷಧಾರಿಯನ್ನು ನೋಡಿ ಏರಿಸುತ್ತಾರೆ, ಇಳಿಸುತ್ತಾರೆ. ಮೊಬೈಲು ವೇಷ ನೋಡುತ್ತದಾ?

ಕಾರ್ಡಿನದ್ದು ಮಗನಿಂದ ಕೇಳಿ ತಿಳಿದೆ. ಮೋಹನದಲ್ಲಿ ಮಧ್ಯಮ ಇಲ್ಲ, ನಿಷಾದ ಇಲ್ಲ. ಸಿ ಶ್ರುತಿ ಇಟ್ಟುಕೊಂಡರೆ ಅವನ ಮಾಮೂಲಿ ಕಾರ್ಡುಗಳಲ್ಲಿ ಎಫ್ ಒಳಗೆ ಮಧ್ಯಮ, ಜಿ ಒಳಗೆ ನಿಷಾದ ಕೂತಿದೆಯಂತೆ. ಭಾಗವತರ ಮುಖ ಸಪ್ಪೆ ಆಗದೆ ಇನ್ನೇನು? ಸದ್ಯಕ್ಕೆ ಸ-ಪ ಮಾತ್ರ ಮೀಟಲು ಹೇಳು. ಅವನಿಗೆ ಬೇಜಾರಾದೀತು, ಆಗಲಿ.

ಮತ್ತೆ ಆ ಚೆಂಡೆ ಹುಡುಗ. ಅವರ ಪಂಚಾರಿ ತಾಳ 6 ಅಕ್ಷರದ್ದು (ಅಕ್ಷರ ಅಂದರೆ ತಾಳದ ಎಣಿಕೆ), ನಮ್ಮ ರೂಪಕ ತಾಳವೂ 6. ಅವರು ಮೊದಲ ಕಾಲದಲ್ಲಿ (ನಿಧಾನದ ಹಂತದಲ್ಲಿ) 96 ಅಕ್ಷರದಿಂದ ಹೊರಟು 48, 24, 12, ಕೊನೆಗೆ 6ಕ್ಕೆ ಬರುತ್ತಾರೆ. ಅಲ್ಲಿಂದ ಹಿಡಿದು ನೋಡು.

ಬದಿಯಡ್ಕದವ:
ಅಜ್ಜ, ಅಕ್ಕ, ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಕೂತೆವು. ಗಿಟಾರಿನವ ಒಂದು ಗಂಟೆ ಗಿಟಾರ್ ಮುಟ್ಟಲಿಲ್ಲ, ಭಾಗವತರ ಎದುರು ಕೈಯಲ್ಲಿ ತಾಳ ಹಾಕಿದ. ಆಮೇಲೆ ಸ-ಪ ಮಾತ್ರ. ಮುಖ ಸ್ವಲ್ಪ ಊದಿತ್ತು, ಆದರೆ ಬಿಟ್ಟು ಹೋಗಲಿಲ್ಲ.

ಚೆಂಡೆಯ ಗೆಳೆಯನ ಜೊತೆ 24ಕ್ಕೆ ಹೋಗಿ ನಾನು ಸುಸ್ತು. ನನ್ನ ಮಾಮೂಲಿ ನಡೆ ಆರಕ್ಕೆ ಮುಗಿಯುತ್ತದೆ, ಆಮೇಲೆ ಉದ್ದಕ್ಕೆ ಖಾಲಿ. ಅದನ್ನೇ ನಾಲ್ಕು ಸಲ ಬಾರಿಸಿದರೆ "ಇದೆಂತ, ಚಕ್ಕುಲಿ ಒತ್ತುವುದಾ" ಅಂತ ನಕ್ಕ. ಖಾಲಿಯಲ್ಲಿ ಎಂತ ಹಾಕುವುದು ಅಂತ ತಡಕಾಡುವಾಗ ಎಡಗೈಯ ಗುಮ್ಕಿ (ಗುಂಯ್ ಅನ್ನುವ ದಪ್ಪ ಪೆಟ್ಟು) ತಡವಾಗಿ ಬೀಳುವ ಒಂದು ನಡೆ ಸಿಕ್ಕಿತು. ಒಬ್ಬನೇ ಅಭ್ಯಾಸ ಮಾಡುವಾಗ ನಾನು ಆ ಕಡೆ ಹೋದವನೇ ಅಲ್ಲ. ಭಾಗವತರು ಕೂಡಲೇ ತಿರುಗಿ ನೋಡಿ "ಅದನ್ನು ಇನ್ನೊಮ್ಮೆ ಬಾರಿಸು" ಅಂದರು. ಇನ್ನೊಮ್ಮೆ ಬರಲಿಲ್ಲ ಎಂಬುದು ಬೇರೆ ಮಾತು!

ಮೈಕಾಸುರ:
ವಾರ್ಷಿಕೋತ್ಸವಕ್ಕೆ ಮೈಕ್ ನನ್ನದೇ ಇರಬೇಕು ಹಾಗಾದರೆ. ಮದ್ದಳೆಯ ಎರಡೂ ಬದಿಗೆ ಬೇರೆ ಬೇರೆ ಮೈಕ್ ಇಡುತ್ತೇನೆ, ಗುಮ್ಕಿ ಕೇಳಬೇಕಲ್ವಾ.

ಬದಿಯಡ್ಕದವ:
ಆಗಲಿ. ಭಾನುವಾರ ಅಭ್ಯಾಸಕ್ಕೆ ಗುರುಗಳೂ ಬರುತ್ತಾರಂತೆ. ಕೇಳಲಿಕ್ಕೋ ಬೈಯಲಿಕ್ಕೋ ಹೇಳಲಿಲ್ಲ.