‘11,000 ಜನರಿಗೆ ಕಲಿಸಿದ ಗೃಹಿಣಿ’: ಮನೆ ಗುಂಪಿನಲ್ಲಿ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕದ ಸಿರಾಕ್ಯೂಸ್ ನಗರದ ಗೃಹಿಣಿ ರೂತ್ ಕೋಲ್ವಿನ್ ಒಬ್ಬರೇ 11,000 ಜನರಿಗೆ ಓದು ಕಲಿಸಿದರು! ಎಲ್ಲರೂ ತಪ್ಪದೇ ಓದಿ.

ಅಕ್ಕ: ದೊಡ್ಡಪ್ಪ, ಲೆಕ್ಕ ತಲೆಕೆಳಗಾಗಿದೆ. 1960ರ ಜನಗಣತಿ ಪ್ರಕಾರ ಆ ಊರಲ್ಲಿ ಸರಿಯಾಗಿ ಓದಲು ಬಾರದವರೇ 11,000ಕ್ಕಿಂತ ಜಾಸ್ತಿ ಇದ್ದರು. ಅದನ್ನು ಪೇಪರಿನಲ್ಲಿ ನೋಡಿ ಅವರು 1962ರಲ್ಲಿ ಸ್ವಯಂಸೇವಕರ ಸಂಸ್ಥೆ ಶುರು ಮಾಡಿದ್ದು.

ದೊಡ್ಡಪ್ಪ: ಇರಲಿ ಬಿಡಮ್ಮ. ಸ್ಫೂರ್ತಿ ಮುಖ್ಯ. ಸುಮ್ನೆ ಮೊಸರಲ್ಲಿ ಕಲ್ಲು ಹುಡುಕಬೇಡ.

ಅಕ್ಕ: ಹುಡುಕಲೇಬೇಕು. ಒಬ್ಬರೇ ಕಲಿಸಿದರು ಅಂದರೆ ಅಸಲಿ ಕೆಲಸವೇ ಮಾಯ ಆಗುತ್ತೆ. ಅವರು ಚರ್ಚಿನ ಹೆಂಗಸರನ್ನು ಜೊತೆಗೆ ಸೇರಿಸಿಕೊಂಡರು. ಒಳ್ಳೆ ಮನಸ್ಸೊಂದೇ ಸಾಲದು ಅಂತ, ಕಲಿಸುವವರಿಗೇ ಮೊದಲು ತರಬೇತಿ ಕೊಡಿಸಿದರು. ಅದಕ್ಕೇ ಅದು ಬೇರೆ ಊರುಗಳಿಗೂ ಹಬ್ಬಿತು.

ಅತ್ತೆ: ಕಲಿಸುವ ರೀತಿ ನೋಡಿ, ಅದು ನನಗೆ ಇಷ್ಟ. ಕಲಿಯುವವರು ಬಾಯಲ್ಲಿ ಹೇಳುತ್ತಾರೆ, ಎದುರಿಗೆ ಕೂತವರು ಅದನ್ನೇ ಬರೆಯುತ್ತಾರೆ. ‘ನಾನು ರಾತ್ರಿ ಪಾಳಿಯಲ್ಲಿ ಲಾರಿಗೆ ಮಾಲು ತುಂಬುತ್ತೇನೆ’ ಅಂದರೆ ಅವತ್ತಿನ ಪಾಠ ಅದೇ. ತನ್ನದೇ ಮಾತು, ಮುಂದಿನ ಪದ ಏನು ಅಂತ ಮೊದಲೇ ಗೊತ್ತು. ಆಮೇಲೆ ‘ರಾತ್ರಿ’, ‘ಲಾರಿ’ ಚೀಟಿಯಲ್ಲಿ ಬಿಡಿಯಾಗಿ ಬಂದರೂ ಗುರುತು ಸಿಗುತ್ತೆ. 40 ದಾಟಿದವರ ಮುಂದೆ ಒಂದನೇ ಕ್ಲಾಸಿನ ಪುಸ್ತಕ ಇಟ್ಟರೆ ಯಾರು ಬರ್ತಾರೆ ಅಣ್ಣ?

ಭಾವ: ತಮಾಷೆ ಗೊತ್ತಾ? ಅದೇ ಊರಲ್ಲಿ ಇಂಥದ್ದೇ ಇನ್ನೊಂದು ಸಂಸ್ಥೆ ಇತ್ತು. 1930ರ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ ಅಕ್ಷರ ಕಲಿಸಲು ಶುರು ಮಾಡಿದ ಮಿಷನರಿ ಫ್ರಾಂಕ್ ಲಾಬಾಕ್ ಅವರದು. ಅಲ್ಲಿ ಚಿತ್ರದ ಜೊತೆ ಅಕ್ಷರ, ಅಕ್ಷರದ ಜೊತೆ ಅದರ ಸದ್ದು. ಎರಡೂ ಸೇರಿ ಪ್ರೊಲಿಟರಸಿ ಅನ್ನೋ ಒಂದೇ ಸಂಸ್ಥೆ ಆಗಿದ್ದು 2002ರಲ್ಲಿ. 40 ವರ್ಷ ಒಂದೇ ಮನೆಯಲ್ಲಿ ಎರಡು ಒಲೆ ಉರಿದ ಹಾಗೆ!

ದೊಡ್ಡಪ್ಪ: ಎಲ್ಲಾ ಸರಿ. ದುಡ್ಡು ಕಮ್ಮಿ ಇದ್ದಾಗ ಮಕ್ಕಳಿಗೆ ಖರ್ಚು ಮಾಡಬೇಕು. ದೊಡ್ಡವರು ಹೇಗೋ ಕಾಲ ಹಾಕ್ತಾರೆ.

ಅಕ್ಕ: ಶಾಲೆಯಿಂದ ಬಂದ ನೋಟೀಸು ಅಮ್ಮನಿಗೆ ಓದಲು ಬಾರದಿದ್ದರೆ ಮಗುವಿಗೆ ಮಾಡಿದ ಖರ್ಚೂ ಅರ್ಧ ನೀರುಪಾಲು, ಅಲ್ವಾ? ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1989ರಲ್ಲಿ ಕುಟುಂಬ ಸಾಕ್ಷರತೆಗೆ ಅಂತಲೇ ಒಂದು ಕೇಂದ್ರ ಶುರುವಾಯಿತು. ತಾಯಿಗೆ ಒಂದು ಕ್ಲಾಸು, ಮಗುವಿಗೆ ಒಂದು, ಆಮೇಲೆ ಇಬ್ಬರೂ ಒಟ್ಟಿಗೆ ಕೂರುವ ಹೊತ್ತು.

ದೊಡ್ಡಪ್ಪ: ದುಡಿದು ಸುಸ್ತಾದವರು ಎಷ್ಟು ದಿನ ಬರ್ತಾರೆ? ನಡುವೆ ಬಿಡುವವರೇ ಜಾಸ್ತಿ.

ಅತ್ತೆ: ಬಿಡ್ತಾರೆ, ಇಲ್ಲ ಅನ್ನಲ್ಲ. ಪಾಳಿ ಬದಲಾಗುತ್ತೆ, ಮಗುವಿಗೆ ಜ್ವರ ಬರುತ್ತೆ. ಅದಕ್ಕೇ ಒಬ್ಬರಿಗೆ ಒಬ್ಬರು ಕಲಿಸೋದು. ಎರಡು ವಾರ ತಪ್ಪಿದರೂ ಬಿಟ್ಟ ಕಡೆಯಿಂದಲೇ ಶುರು ಮಾಡಬಹುದು.

ದೊಡ್ಡಪ್ಪ: ಪುಕ್ಕಟೆ ಕಲಿಸಲು ಬರುವವರನ್ನು ನಂಬಿ ಎಷ್ಟು ದಿನ? ಸಂಬಳ ಕೊಟ್ಟು ಮೇಷ್ಟ್ರನ್ನೇ ಇಡಬೇಕು.

ಭಾವ: ಇದರಲ್ಲಿ ನಾನು ದೊಡ್ಡಪ್ಪನ ಕಡೆ.

ಅಕ್ಕ: ಒಬ್ಬೊಬ್ಬರಿಗೂ ಒಬ್ಬೊಬ್ಬ ಸಂಬಳದ ಮೇಷ್ಟ್ರಾ? ದುಡ್ಡು ಕಮ್ಮಿ ಅಂತ ಈಗಷ್ಟೇ ಹೇಳಿದ್ದು ಯಾರು ದೊಡ್ಡಪ್ಪ? 😄