ಟೈಪಿಂಗ್, ಹಾರ್ಮೋನಿಯಂ ಮತ್ತು ಬಿಡದ ಕೈನೋವು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಗಂಗಾವತಿ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಕಚೇರಿಯೊಂದರಲ್ಲಿ ಗುತ್ತಿಗೆ ಆಧಾರದ ಮೇಲೆ ಡೇಟಾ ಎಂಟ್ರಿ ಕೆಲಸ ಮಾಡುತ್ತೇನೆ. ದಿನವಿಡೀ ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದಲ್ಲಿ ಅರ್ಜಿ, ಆದೇಶ, ಪಟ್ಟಿ. ಸೋಮವಾರ ರಾತ್ರಿ ಊರಿನ ಮಠದ ಭಜನೆಗೆ ಹಾರ್ಮೋನಿಯಂ (ಪೇಟಿ) ನುಡಿಸುತ್ತೇನೆ. ಶ್ರಾವಣದಲ್ಲಂತೂ ದಿನಾ ಇರುತ್ತದೆ. ಮೊದಲು ಬಲ ಮಣಿಕಟ್ಟು ನೋಯುತ್ತಿತ್ತು. ಈಗ ಎರಡೂ ಕೈ, ಮೊಳಕೈವರೆಗೆ ಉರಿ. ಎಕ್ಸ್‌ರೇ ತೆಗೆಸಿದೆ, ಏನೂ ಕಾಣಲಿಲ್ಲ. ‘ಟೆನ್ಷನ್ ಬಿಡಿ, ಸರಿಹೋಗುತ್ತದೆ’ ಎಂದು ವೈದ್ಯರು ಕಳುಹಿಸಿದರು. ಭಾನುವಾರ ಬೆಳಿಗ್ಗೆ ಕೈ ಹಗುರ. ಸಂಜೆ ಸೋಮವಾರದ ಕಚೇರಿ ನೆನಪಾದರೆ ಸಾಕು, ಉರಿ ಶುರು. ಮಾರ್ಚ್‌ನಲ್ಲಿ ಗುತ್ತಿಗೆ ಮುಂದುವರಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ‘ಪೇಟಿ ಬಿಡು’ ಎನ್ನುತ್ತಾರೆ. ಅದನ್ನು ಬಿಟ್ಟರೆ ನನಗೆ ಉಳಿಯುವುದು ಕಚೇರಿಯೊಂದೇ. ಬಿಡಬೇಕೇ? ಬೆಲ್ಟ್, ಮುಲಾಮು, ಇಂಜೆಕ್ಷನ್ ಇವುಗಳಿಂದ ಯಾರಿಗಾದರೂ ಗುಣವಾಗಿದೆಯೇ?

ರಾಯಚೂರಿನಿಂದ, ನ್ಯಾಯಾಲಯದ ಬೆರಳಚ್ಚುಗಾರ್ತಿ

ತಮ್ಮ, ನಿಮಗಿಂತ ವಯಸ್ಸಿನಲ್ಲಿ ದೊಡ್ಡವಳೆಂದುಕೊಂಡು ಬರೆಯುತ್ತಿದ್ದೇನೆ. ಪೇಟಿ ಬಿಡಬೇಡಿ. ಏಕೆಂದು ಆಮೇಲೆ ಹೇಳುತ್ತೇನೆ.

ನಿಮ್ಮ ನೋವು ನಿಜವಾದದ್ದು. ಟೆನ್ಷನ್‌ನಿಂದ ಹೆಚ್ಚಾಗುವ ನೋವನ್ನು ಜನ ಇಲ್ಲದ ನೋವೆಂದು ತಿಳಿಯುತ್ತಾರೆ. ನನಗೆ ಅದರಷ್ಟು ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಹೆದರಿದಾಗ ಎದೆ ಹೊಡೆದುಕೊಳ್ಳುವುದು ಸುಳ್ಳೇ? ಇನ್ನು ಎಕ್ಸ್‌ರೇಯಲ್ಲಿ ಕಾಣುವುದು ಮುಖ್ಯವಾಗಿ ಎಲುಬು. ನರದ ಮೇಲಿನ ಒತ್ತಡವಾಗಲಿ, ಸ್ನಾಯುರಜ್ಜುವಿನ ಉರಿಯೂತವಾಗಲಿ ಅದರಲ್ಲಿ ಸಿಗುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದರೆ ಎಲುಬು ಸರಿಯಿದೆ ಎಂದಷ್ಟೇ. ಹಾಗಾಗಿ ಮನಸ್ಸಿನ ಕಡೆ ಬೆರಳು ತೋರಿಸುವ ಮೊದಲು ನರದ ಪರೀಕ್ಷೆ, ಥೈರಾಯ್ಡ್, ಸಕ್ಕರೆ ಇವನ್ನೆಲ್ಲ ಒಮ್ಮೆ ನೋಡಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಎಲುಬು-ಕೀಲು ವಿಭಾಗದಿಂದ ಶುರುಮಾಡಿ.

ನನ್ನ ವಿಷಯಕ್ಕೆ ಬರುತ್ತೇನೆ. ಸಾಕ್ಷಿ ಹೇಳುತ್ತಾರೆ, ಸಾಹೇಬರು ಅದನ್ನು ವಾಕ್ಯ ಮಾಡಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಒಂದು ‘ಇಲ್ಲ’ ಬಿಟ್ಟುಹೋದರೆ ಯಾರದೋ ಹೊಲ, ಯಾರದೋ ಸಂಸಾರ ಅದರ ಮೇಲೆ ನಿಂತಿರುತ್ತದೆ. ಪಾಟೀ ಸವಾಲು ಜೋರಾದ ದಿನ ಸಂಜೆ ನನ್ನ ಮುಂಗೈ ಕಾದ ಹಾಗೆ ಉರಿಯುತ್ತಿತ್ತು. ತೀರ್ಪಿನ ನಕಲು ತೆಗೆಯುವ ದಿನ ಅಷ್ಟೇ ಪುಟ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಬೆರಳಿನ ಕೆಲಸ ಎರಡೂ ದಿನ ಒಂದೇ. ಬೇರೆ ಇದ್ದದ್ದು ತಪ್ಪಾದೀತೆಂಬ ಭಯ.

ಇದು ಇಂದಿನ ಮಾತಲ್ಲ. ಕೆಲಸಗಾರರ ಕಾಯಿಲೆಗಳ ಬಗ್ಗೆ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1713ರಲ್ಲೇ ಲೆಕ್ಕ ಬರೆಯುವ ಗುಮಾಸ್ತರ ಕೈನೋವಿಗೆ ಮೂರು ಕಾರಣ ಕೊಟ್ಟಿದ್ದಾರೆ: ಕುಳಿತೇ ಇರುವುದು, ಕೈ ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಆಡುವುದು, ಪುಸ್ತಕದಲ್ಲಿ ತಪ್ಪು ನುಸುಳದಂತೆ ಕಾಯುವ ಮನಸ್ಸಿನ ಶ್ರಮ. ಆ ಮೂರನೆಯದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಕಂಪ್ಯೂಟರ್ ಬರುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಯಾರೋ ನಮ್ಮನ್ನು ನೋಡಿದ್ದರು.

ನೋವು ಬಂದಾಗ ಕೈ ನೋಡಿಕೊಳ್ಳುವ ಬದಲು ಇಡೀ ಮೈ ನೋಡಿಕೊಳ್ಳಿ. ಭುಜ ಕಿವಿಯ ಹತ್ತಿರ ಏರಿರುತ್ತದೆ, ಹಲ್ಲು ಕಚ್ಚಿರುತ್ತದೆ, ಉಸಿರು ಹಿಡಿದಿರುತ್ತದೆ. ನಾನು ಕಬ್ಬಿಣದ ಟೈಪ್‌ರೈಟರ್ ಮೇಲೆ ಕಲಿತವಳು. ಅಲ್ಲಿ ಗುದ್ದದಿದ್ದರೆ ಅಕ್ಷರ ಮೂಡುತ್ತಿರಲಿಲ್ಲ. ಈಗಿನ ಕೀಲಿಮಣೆಗೆ ಅದರ ಕಾಲು ಭಾಗ ಬಲವೂ ಬೇಡ. ಆದರೆ ಅವಸರ ಬಿದ್ದಾಗ ಬೆರಳು ಹಳೆಯ ಯಂತ್ರವನ್ನೇ ನೆನೆಯುತ್ತದೆ. ಕೀಲಿಯ ಸದ್ದು ಜೋರಾಯಿತೆಂದರೆ ನನಗೆ ಎಚ್ಚರಿಕೆ: ಉಸಿರು ಬಿಡಬೇಕು, ಭುಜ ಇಳಿಸಬೇಕು.

ನುಡಿಯದ್ದೂ ಒಂದು ಮಾತಿದೆ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ, ಳಗಳಿಗೂ ಶಿಫ್ಟ್. ‘ಬಳ್ಳಾರಿ’ ಎಂದು ಬರೆದು ನೋಡಿ: ಎರಡು ಳ, ಒಂದು ದೀರ್ಘ, ಮೂರಕ್ಕೂ ಶಿಫ್ಟ್ ಬೇಕು. ಹೆಚ್ಚಿನವರು ಎಡ ಕಿರುಬೆರಳಿನಿಂದಲೇ ಅದನ್ನು ಒತ್ತಿ, ಅದೇ ಕೈಯ ಬೇರೆ ಬೆರಳನ್ನು ಕೀಲಿಗೆ ಎಳೆಯುತ್ತಾರೆ. ಬಲಗೈ ಅಕ್ಷರಕ್ಕೆ ಎಡ ಶಿಫ್ಟ್, ಎಡಗೈ ಅಕ್ಷರಕ್ಕೆ ಬಲ ಶಿಫ್ಟ್ ರೂಢಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು ಸತತ ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತದೆ. ಅದನ್ನು ಒಪ್ಪಿದರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೂ ನಡೆಯುತ್ತದೆ. ನನ್ನ ಕಿರುಬೆರಳಿನ ನೋವಿಗೆ ಯಾವ ಮುಲಾಮೂ ಮಾಡದ ಉಪಕಾರವನ್ನು ಇದು ಮಾಡಿತು.

ಈಗ ಪೇಟಿ. ನಮ್ಮ ಮಹಿಳಾ ಮಂಡಳಿಯಲ್ಲಿ ದಾಸರ ಪದಗಳಿಗೆ ನಾನೂ ನುಡಿಸುತ್ತೇನೆ. ಪೂರ್ತಿ ಬಿಟ್ಟಾಗ ನೋವು ಕಡಿಮೆಯಾಗಲಿಲ್ಲ, ಕೈಯ ಮೇಲಿನ ಭಯ ಮಾತ್ರ ಬೆಳೆಯಿತು. ಮತ್ತೆ ಹಿಡಿದದ್ದು ಹೀಗೆ: ಷಡ್ಜ ಒಂದನ್ನೇ ಒತ್ತಿ, ತಿದಿಯನ್ನು ನಿಧಾನವಾಗಿ ಎಳೆಯುತ್ತ, ಅದರೊಂದಿಗೆ ಉಸಿರಾಡುವುದು. ಬೇರೇನೂ ಇಲ್ಲ. ನೋವು ಬರುವ ಮೊದಲೇ ಎದ್ದುಬಿಡುವುದು, ಎದ್ದಾಗ ಇನ್ನೂ ನುಡಿಸಬೇಕೆಂಬ ಆಸೆ ಉಳಿದಿರಬೇಕು. ಆಮೇಲೆ ವಿಳಂಬದಲ್ಲಿ ಒಂದು ಪದ, ಅದಾದ ಮೇಲೆ ಎರಡು. ಎಷ್ಟು ದಿನಕ್ಕೆ ಎಷ್ಟು ಎಂದು ಕೇಳಬೇಡಿ, ಕೈ ಹೇಳುತ್ತದೆ.

ಪೆಟ್ಟಿಗೆಯನ್ನೂ ಒಮ್ಮೆ ರಿಪೇರಿಯವರಿಗೆ ತೋರಿಸಿ. ತಿದಿ ಗಾಳಿ ಸೋರುತ್ತಿದ್ದರೆ ಎಡಗೈ ಎರಡರಷ್ಟು ದುಡಿಯುತ್ತದೆ. ಕಪ್ಲರ್ ಹಾಕಿದ್ದರೆ ಒಂದು ಮನೆ (ಪೇಟಿಯ ಕೀಲಿ) ಒತ್ತಿದಾಗ ಇನ್ನೊಂದು ಸಪ್ತಕದ್ದೂ ಜೊತೆಗೆ ಇಳಿಯುತ್ತದೆ, ಬೆರಳಿಗೆ ಭಾರ ಹೆಚ್ಚು. ಅದನ್ನು ತೆಗೆದು ನುಡಿಸಿ. ನೆಲದ ಮೇಲೆ ಇಟ್ಟರೆ ಮಣಿಕಟ್ಟು ಮುರಿದ ಹಾಗೆ ಬಾಗುತ್ತದೆ, ಕೆಳಗೊಂದು ಮಣೆ ಕೊಡಿ.

ಕೊನೆಯದಾಗಿ ಗುತ್ತಿಗೆಯ ಚಿಂತೆ. ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ. ಆದರೆ ಆ ಭಾರವನ್ನು ಒಬ್ಬರೇ ಹೊರಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಾನೂ ಮಾತನಾಡಿದ್ದೇನೆ. ‘ಅದೆಲ್ಲ ಹುಚ್ಚು ಹಿಡಿದವರಿಗೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಬಳ್ಳಾರಿಯಿಂದ, ಜೀನ್ಸ್ ಕಟಿಂಗ್ ಮಾಸ್ಟರ್

ಟೈಪಿಂಗ್ ನನಗೆ ಗೊತ್ತಿಲ್ಲ, ಕತ್ತರಿ ಗೊತ್ತು. ಹಬ್ಬದ ಮೊದಲು ಪೀಸ್ ಲೆಕ್ಕದ ಕೆಲಸ ಏರಿದಾಗ ಹೆಬ್ಬೆರಳಿನ ಬುಡ ಬಾತುಕೊಳ್ಳುತ್ತದೆ. ನಮ್ಮ ಹಿರಿಯರೊಬ್ಬರು ‘ಮೊದಲು ಕತ್ತರಿಗೆ ಸಾಣೆ ಹಿಡಿಸು, ಆಮೇಲೆ ಕೈಗೆ ಔಷಧಿ’ ಎಂದರು. ಅರ್ಧ ನೋವು ಅಲ್ಲೇ ಹೋಯಿತು. ನಿಮ್ಮ ಕೀಲಿಮಣೆಯಲ್ಲಿ ಬಿಗಿಯಾದ ಕೀಲಿಗಳಿದ್ದರೆ ಬದಲಾಯಿಸಿಕೊಡಲು ಕೇಳಿ. ಕೊಡದಿದ್ದರೆ ಸ್ವಂತ ದುಡ್ಡಿನಲ್ಲಾದರೂ ತೆಗೆದುಕೊಳ್ಳಿ. ಕೈ ನಿಮ್ಮದು, ಕಚೇರಿಯದಲ್ಲ.

ಕೊಪ್ಪಳದಿಂದ, ಫಿಸಿಯೋಥೆರಪಿಸ್ಟ್

ಮೇಲೆ ಅಕ್ಕ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಸ್ವಲ್ಪ ಸೇರಿಸುತ್ತೇನೆ.

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟರಲ್ಲೇ ಜೋಮು ಇದ್ದರೆ ಮಣಿಕಟ್ಟಿನ ಸುರಂಗದಲ್ಲಿ ನರ ಅದುಮಿರುವ ಸಂಭವವಿದೆ. ಇದನ್ನೇ ಕಾರ್ಪಲ್ ಟನಲ್ ಎನ್ನುತ್ತಾರೆ. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ ಇದ್ದವರಲ್ಲಿ ಇದು ಹೆಚ್ಚು. ಕಿರುಬೆರಳಿನ ಜೋಮು ಬೇರೊಂದು ನರದ್ದು, ಅದು ಮೊಳಕೈಯಲ್ಲೇ ಸಿಕ್ಕಿಕೊಂಡಿರಬಹುದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಹೆಬ್ಬೆರಳಿನ ಬುಡದಲ್ಲಿ ಚುಳುಕ್ಕೆಂದರೆ ಅಲ್ಲಿನ ಸ್ನಾಯುರಜ್ಜು ಬಾತಿರುತ್ತದೆ. ಕತ್ತರಿ ಮಾಸ್ಟರ್ ಹೇಳಿದ್ದು ಬಹುಶಃ ಇದೇ. ಹಿಡಿತ ಸಡಿಲವಾಗಿ ಲೋಟ ಜಾರುವುದು, ಹೆಬ್ಬೆರಳ ಬುಡದ ಮಾಂಸ ಕರಗುವುದು, ಕುತ್ತಿಗೆಯಿಂದ ಕೈಗೆ ಮಿಂಚು ಹರಿದಂತಾಗುವುದು ಕಂಡರೆ ಕಾಯಬೇಡಿ.

ಬೆಲ್ಟ್ ಬಗ್ಗೆ ಕೇಳಿದ್ದೀರಿ. ನರದ ತೊಂದರೆಯಿದ್ದರೆ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಕಟ್ಟುವುದು ಒಳ್ಳೆಯದು. ಹಗಲೆಲ್ಲ ಬಿಗಿದುಕೊಂಡು ಟೈಪ್ ಮಾಡಿದರೆ ಭಾರ ಭುಜಕ್ಕೆ ಹೋಗುತ್ತದೆ. ಇಂಜೆಕ್ಷನ್ ಕೆಲವು ಕಾಯಿಲೆಗಳಿಗೆ ಕೆಲಸ ಮಾಡುತ್ತದೆ, ಆದರೆ ಕಾಯಿಲೆ ಯಾವುದೆಂದು ಗೊತ್ತಾಗದೆ ಬೇಡ. ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರನ್ನು ದಿನಾ ನೋಡುತ್ತೇನೆ. ಹೊಟ್ಟೆ ಹುಣ್ಣು, ಮೂತ್ರಪಿಂಡ ಎರಡಕ್ಕೂ ಅಪಾಯ.

ಒತ್ತಡದ ವಿಷಯದಲ್ಲಿ ಎರಡು ಅತಿಗಳಿವೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕೀಲಿಮಣೆ ಕೆಲಸಗಾರರ ಕೈನೋವು ಅಲೆಯಂತೆ ಏರಿ, ದಶಕ ಮುಗಿಯುವುದರೊಳಗೆ ಇಳಿಯಿತು. ಅದು ಯಂತ್ರದ್ದೋ ಮನಸ್ಸಿನದ್ದೋ ಎಂದು ದೊಡ್ಡ ಜಗಳವೇ ನಡೆಯಿತು. ಅಮೆರಿಕದ ವೈದ್ಯ ಜಾನ್ ಸಾರ್ನೊ ಇಂಥ ನೋವುಗಳ ಬೇರು ಅದುಮಿಟ್ಟ ಭಾವನೆಗಳಲ್ಲಿದೆ ಎಂದು ವಾದಿಸಿದರು. ಅದರಿಂದ ಗುಣವಾಯಿತೆನ್ನುವವರು ಬಹಳ, ಆದರೆ ಮುಖ್ಯವಾಹಿನಿಯ ವೈದ್ಯಕೀಯ ಆ ಸಿದ್ಧಾಂತವನ್ನು ಒಪ್ಪಿಲ್ಲ. ನನ್ನ ಅನುಭವದಲ್ಲಿ ನಿಮ್ಮಂಥವರಿಗೆ ಎರಡೂ ಕಡೆಯಿಂದ ಕೆಲಸ ಮಾಡಿದಾಗಲೇ ಫಲ. ಭಾನುವಾರ ಸಂಜೆ ಕೈ ಏನೂ ಮಾಡದೆಯೇ ಉರಿಯುತ್ತದೆ ಎಂದಿರಿ. ಇದು ನಿಮಗೆ ಒಳ್ಳೆಯ ಸುದ್ದಿ. ನರಮಂಡಲ ಬೇಗ ಕೂಗಿಕೊಳ್ಳುವುದನ್ನು ಕಲಿತಿದೆ, ಕೈ ಮುರಿದಿಲ್ಲ. ಕಲಿತದ್ದನ್ನು ಮರೆಸಬಹುದು.

ಸಿಂಧನೂರಿನಿಂದ, ತಬಲಾ ವಾದಕ

ರಾತ್ರಿಯಿಡೀ ಭಜನೆಯಲ್ಲಿ ನಮ್ಮ ಕೈ ಹೋಗುವುದು ಮೈಕ್‌ನಿಂದ. ಹಾಡುವವರ ಮುಂದೆ ಮೈಕ್, ನಮ್ಮ ಮುಂದೆ ಏನೂ ಇಲ್ಲ, ಕೇಳಿಸಲೆಂದು ಬಡಿಯುತ್ತೇವೆ. ನೀವೂ ಹಾಗೆಯೇ ತಿದಿಯನ್ನು ಜಗ್ಗುತ್ತಿರಬಹುದು. ಪೇಟಿಯ ಹತ್ತಿರ ಒಂದು ಮೈಕ್ ಇಡಿಸಿ, ಮಂಡಳಿಯವರನ್ನು ಕೇಳಲು ಸಂಕೋಚ ಬೇಡ. ಇನ್ನೊಂದು: ನಾಟಕ ಕಂಪನಿಯವರ ಕಾಲುಪೇಟಿ ಎಲ್ಲಾದರೂ ಸಿಕ್ಕರೆ ನುಡಿಸಿ ನೋಡಿ. ಗಾಳಿಯ ಕೆಲಸವನ್ನು ಕಾಲು ಮಾಡುತ್ತದೆ, ಎಡಗೈ ಬಿಡುವಾಗುತ್ತದೆ.

ಬಳ್ಳಾರಿಯಿಂದ, ಸಂಗೀತ ಶಿಕ್ಷಕಿ

ನೋವಿಲ್ಲದೆ, ನುಡಿಸುವಾಗ ಮಾತ್ರ ಒಂದೆರಡು ಬೆರಳು ತಾನಾಗಿ ಮಡಚಿಕೊಳ್ಳುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈಗೆ 1960ರ ದಶಕದಲ್ಲಿ ಹೀಗಾಯಿತು. ಅದನ್ನು ಫೋಕಲ್ ಡಿಸ್ಟೋನಿಯಾ ಎಂದು ಗುರುತಿಸಲು ದಶಕಗಳೇ ಹಿಡಿದವು. ಅಷ್ಟು ಕಾಲ ಅವರು ಎಡಗೈಯ ಕೃತಿಗಳನ್ನು ನುಡಿಸಿದರು, ವಾದ್ಯವೃಂದ ನಡೆಸಿದರು, ಪಾಠ ಹೇಳಿದರು. ಚಿಕಿತ್ಸೆಯ ನಂತರ ಮತ್ತೆ ಎರಡೂ ಕೈಯಲ್ಲಿ ನುಡಿಸಿದರು. ಅಂಥ ಲಕ್ಷಣ ಕಂಡರೆ ಹೆಚ್ಚು ರಿಯಾಜ್ ಮಾಡಿ ಗೆಲ್ಲಲು ಹೋಗದೆ ನರರೋಗ ತಜ್ಞರನ್ನು ಕಾಣಿ. ನಿಮ್ಮ ಬರಹ ನೋಡಿದರೆ ನಿಮಗೆ ಅದಿಲ್ಲ ಎನಿಸುತ್ತದೆ, ಆದರೂ ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾದೀತು.

ಗಂಗಾವತಿ ತಾಲ್ಲೂಕಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಜೋಮು ಇಲ್ಲ, ಹಿಡಿತ ಸರಿಯಿದೆ. ಆದರೂ ನರದ ಪರೀಕ್ಷೆಯ ಬಗ್ಗೆ ವಿಚಾರಿಸುತ್ತೇನೆ. ಕೀಲಿಯ ಸದ್ದು ಇವತ್ತು ಕೇಳಿಸಿಕೊಂಡೆ. ಮೇಲಧಿಕಾರಿ ಹಿಂದೆ ಬಂದು ನಿಂತ ಕೂಡಲೇ ಜೋರಾಯಿತು, ಹೋದ ಮೇಲೆ ಇಳಿಯಿತು. ಅಕ್ಕ, ಈ ಸೋಮವಾರ ಭಜನೆಗೆ ಹೋಗಲೇ? ಅರ್ಧದಲ್ಲಿ ನೋವು ಬಂದರೆ ಎಲ್ಲರ ಮುಂದೆ ಏನು ಮಾಡಲಿ ಎಂಬುದೇ ಭಯ.

ರಾಯಚೂರಿನಿಂದ, ನ್ಯಾಯಾಲಯದ ಬೆರಳಚ್ಚುಗಾರ್ತಿ

ಹೋಗಿ. ಮಂಡಳಿಯ ಹಿರಿಯರಿಗೆ ಮೊದಲೇ ಹೇಳಿಡಿ: ಶುರುವಿನ ಪದಕ್ಕೆ ನಾನು ಪೇಟಿ, ಆಮೇಲಿನದಕ್ಕೆ ಇನ್ನೊಬ್ಬರು, ನಾನು ತಾಳ ಹಿಡಿಯುತ್ತೇನೆ ಎಂದು. ಹೇಳಿಟ್ಟರೆ ಅರ್ಧದಲ್ಲಿ ಏಳುವುದು ಸೋಲಾಗುವುದಿಲ್ಲ, ಕಾರ್ಯಕ್ರಮವೇ ಹಾಗಿದೆ ಎಂದಾಗುತ್ತದೆ. ಇನ್ನೊಬ್ಬರು ಇಲ್ಲದಿದ್ದರೆ ಊರಿನ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದಿ ಹಾಕಿಸಿ, ನೀವು ಮನೆ ಮಾತ್ರ ಒತ್ತಿ. ಹಾಗಾದರೂ ಒಬ್ಬ ಕಲಿಯುತ್ತಾನೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಇಲ್ಲೇ ಬರೆಯಿರಿ.